ಲಿಂಗಾಂಬುಧಿಯ ಹಾಜರಿ ಪುಸ್ತಕ

ಸೆಪ್ಟೆಂಬರ್ ಬಂತೆಂದರೆ ಮೈಸೂರಿನಲ್ಲಿ ಎಲ್ಲರ ಲೆಕ್ಕವೂ ದಸರೆಯದೇ. ಆನೆ ಎಷ್ಟು ಬಂದವು, ಸ್ತಬ್ಧಚಿತ್ರ ಎಷ್ಟು, ಪಾಸು ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ. ಇದೇ ಹೊತ್ತಿಗೆ ರಾಮಕೃಷ್ಣನಗರದ ಮಗ್ಗುಲಿನ ಲಿಂಗಾಂಬುಧಿ ಕೆರೆಯಲ್ಲಿ ಸದ್ದಿಲ್ಲದೆ ಇನ್ನೊಂದು ಲೆಕ್ಕ ಶುರುವಾಗುತ್ತದೆ. ಇದಕ್ಕೆ ಪಾಸು ಬೇಡ. ಒಂದು ದುರ್ಬೀನು, ಒಂದು ನೋಟ್‌ಬುಕ್ಕು, ಈಗಿನವರಿಗಾದರೆ ಒಂದು ಮೊಬೈಲು ಸಾಕು. ಎಣಿಸುವುದು ಹಕ್ಕಿಗಳನ್ನು.

ಬೆಳಗ್ಗೆ ವಾಕಿಂಗ್ ಬರುವ ಮಹನೀಯರಿಗೆ ಇದೊಂದು ತಮಾಷೆ. "ಏನ್ ಸಾರ್, ಇವತ್ತು ಎಷ್ಟಾಯ್ತು ಕಲೆಕ್ಷನ್ನು?" ಎಂದು ಕೇಳಿ ಕೈ ಬೀಸುತ್ತ ಮುಂದೆ ಹೋಗುತ್ತಾರೆ. "ಇದಕ್ಕೆ ಸರ್ಕಾರದೋರು ಏನಾದ್ರೂ ಕೊಡ್ತಾರಾ?" ಎಂದು ನಿಂತು ವಿಚಾರಿಸುವವರೂ ಉಂಟು. ಕೊಡುವುದಿಲ್ಲ ಸ್ವಾಮಿ. ಮುಂಜಾನೆಯ ನಿದ್ದೆ ಹೋಗುತ್ತದೆ, ಚಪ್ಪಲಿ ಕೆಸರಾಗುತ್ತದೆ, ಮನೆಯಲ್ಲಿ ಕಾಫಿ ಆರಿರುತ್ತದೆ. ಇಷ್ಟೇ ಸಂಭಾವನೆ.

ಹಾಗಾದರೆ ಯಾಕೆ ಎಣಿಸಬೇಕು? ಈ ಪ್ರಶ್ನೆಗೆ ಉತ್ತರ ಕೆರೆಯಲ್ಲೇ ಇದೆ.

ರಾಣಿಯ ಹೆಸರಿನ ಕೆರೆ

ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ 1828ರಲ್ಲಿ ಕಟ್ಟಿಸಿದ ಕೆರೆ ಇದು. ಆಗ ಇದು ಊರಾಚೆ. ಕೆರೆ ಇದ್ದಲ್ಲೇ ಇದೆ, ಊರೇ ನಡೆದುಕೊಂಡು ಇದರ ಹತ್ತಿರ ಬಂತು. ರಾಮಕೃಷ್ಣನಗರ ಬಂತು, ದಟ್ಟಗಳ್ಳಿ ಬೆಳೆಯಿತು, ಶ್ರೀರಾಂಪುರ ಹಬ್ಬಿತು. "ಲೇಕ್ ವ್ಯೂ" ಎಂದರೆ ಸೈಟಿಗೆ ಒಂದು ಕೈ ಜಾಸ್ತಿ ಬೆಲೆ. ಬಡಾವಣೆ ಬೆಳೆದ ಮೇಲೆ ಒಳಚರಂಡಿ ನೀರು ಕೆರೆಗೆ ಇಳಿದ ದೂರು ಈ ಊರಿನ ಪತ್ರಿಕೆಗಳಲ್ಲಿ ಬಂದದ್ದು ಒಂದೆರಡು ಸಾರಿಯಲ್ಲ. 2010ರ ದಶಕದ ಬರದ ವರ್ಷಗಳಲ್ಲಿ ಕೆರೆಯ ತಳ ಬಿರಿದು ನಿಂತದ್ದನ್ನೂ ಬಡಾವಣೆಯವರು ಕಂಡಿದ್ದಾರೆ.

ಇಂಥ ಕೆರೆ ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳುವವರು ಯಾರು? ನೀರು ತುಂಬಿ ತುಳುಕುತ್ತಿದ್ದರೆ ನಾವು "ಪರವಾಗಿಲ್ಲ" ಅನ್ನುತ್ತೇವೆ. ಬಿಳಿ ಹಕ್ಕಿ ನಾಲ್ಕು ಹಾರಿದರೆ "ಆಹಾ" ಅನ್ನುತ್ತೇವೆ. ಎಣಿಸುವವನು ಮಾತ್ರ ಅಷ್ಟಕ್ಕೇ ಒಪ್ಪುವವನಲ್ಲ. ಹೋದ ವರ್ಷ ಇದೇ ವಾರ ಏನಿತ್ತು ಎಂದು ಪುಸ್ತಕ ತಿರುವುತ್ತಾನೆ.

ತಿಂಗಳಿಗೊಂದು ಜಾತಿ

ಮೊದಲು ಬರುವುದು ಸಿಪಿಲೆ. ಬಾಲ ಕುಣಿಸುತ್ತ ಓಡುವ ಸಣ್ಣ ಹಕ್ಕಿ. ಸೆಪ್ಟೆಂಬರ್ ಹೊತ್ತಿಗೆ ಕೆರೆಯಂಚಿನಲ್ಲಿ, ಒಮ್ಮೊಮ್ಮೆ ಮನೆಯ ತಾರಸಿಯ ಮೇಲೂ ಕಾಣುತ್ತದೆ. ಗುಲಾಬಿ ಮೈನಾಗಳ ಹಿಂಡೂ ಹೆಚ್ಚು ತಡಮಾಡುವುದಿಲ್ಲ. ಬಾತುಗಳದು ರಾಜಗಾಂಭೀರ್ಯ. ಚಳಿ ಬಲಿತ ಮೇಲೆ, ನವೆಂಬರ್ ಆದ ಮೇಲೆ ಸೂಜಿಬಾಲದ ಬಾತು, ಚಲುಕದ ಬಾತು, ಬಿಳಿಹುಬ್ಬಿನ ಬಾತು ಎಲ್ಲ ಉತ್ತರದಿಂದ ಇಳಿಯುತ್ತವೆ. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ನಂಜನಗೂಡಿನ ಕಡೆಯ ಹದಿನಾರು ಕೆರೆಗೆ ಬರುವ ಸಂಗತಿ ನಿಮಗೆ ಗೊತ್ತೇ ಇರುತ್ತದೆ. ಮಂಗೋಲಿಯಾದಲ್ಲಿ ಕತ್ತಿಗೆ ನಂಬರಿನ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತು ಅಲ್ಲಿ ಕಂಡದ್ದುಂಟು. ಆ ನಂಬರನ್ನು ಓದಿದ್ದು ವಿಮಾನವಲ್ಲ, ಉಪಗ್ರಹವಲ್ಲ. ದುರ್ಬೀನು ಹಿಡಿದು ದಂಡೆಯಲ್ಲಿ ಕೂತ ಮನುಷ್ಯ.

ಇವು ನೆಂಟರು. ಮನೆಯವರು ಬೇರೆ ಇದ್ದಾರೆ. ನಾಮದ ಕೋಳಿ, ನೇರಳೆ ಜಂಬುಕೋಳಿ, ಗುಳುಮುಳುಕ, ನೀರುಕಾಗೆ, ವರಟೆ ಬಾತು. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಯವರದು ಇನ್ನೊಂದು ಸಂಸಾರ. ಅವು ಗೂಡು ಕಟ್ಟುವುದು ರಂಗನತಿಟ್ಟಿನಲ್ಲಿ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಹುಣಸೆ ಮರಗಳಲ್ಲಿ. ಮೀನಿಗೆ ಸುತ್ತಲಿನ ಕೆರೆ ಕಟ್ಟೆಗಳೇ ಗತಿ. ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಕೊಕ್ಕರೆ ಬೆಳ್ಳೂರು 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾಯಿತು. ಮನೆಗೆ ಕಾವಲು ಇಟ್ಟೆವು, ಸರಿ. ಅಡುಗೆ ಮನೆ ನಮ್ಮ ಬಡಾವಣೆಗಳ ಪಕ್ಕದಲ್ಲಿದೆ ಎಂಬುದು ಮಾತ್ರ ಬಹಳ ಜನಕ್ಕೆ ಹೊಳೆದಂತಿಲ್ಲ.

ಎಣಿಸುವ ಪಡಿಪಾಟಲು

ಎಣಿಕೆ ಸುಲಭ ಅಂದುಕೊಂಡವರು ಒಂದು ದಿನ ಗುಳುಮುಳುಕವನ್ನು ಎಣಿಸಿ ನೋಡಬೇಕು. ಆರು ಕಂಡವು ಎಂದು ಬರೆದುಕೊಳ್ಳುವಷ್ಟರಲ್ಲಿ ಎರಡು ಮುಳುಗಿರುತ್ತವೆ. ಅವು ಏಳುವಾಗ ಬೇರೆ ಎರಡು ಮುಳುಗಿರುತ್ತವೆ. ಒಟ್ಟು ಆರೋ, ಎಂಟೋ, ಹತ್ತೋ? ಒಂದೇ ಕಡೆ ನಿಂತು ಮೂರು ಸಾರಿ ಎಣಿಸಿ, ಒಂದೇ ನೋಟಕ್ಕೆ ಸಿಕ್ಕ ದೊಡ್ಡ ಸಂಖ್ಯೆಯನ್ನು ಬರೆಯುವುದು ರೂಢಿ. ಕೂಡಿಸಿ ಬರೆಯುವುದಲ್ಲ. ಹಿಂಡು ದೊಡ್ಡದಾದರೆ ಮೊದಲು ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯಿತು ಎಂದು ಕಣ್ಣಲ್ಲೇ ಅಳೆದು, ಅಂಥ ತುಂಡು ಎಷ್ಟಿವೆ ಎಂದು ಲೆಕ್ಕ ಹಾಕಬೇಕು. ಮದುವೆ ಮನೆಯಲ್ಲಿ ಪಂಕ್ತಿ ನೋಡಿ ಎಲೆ ಲೆಕ್ಕ ಹೇಳುವ ಅಡುಗೆ ಭಟ್ಟರು ಇದರಲ್ಲಿ ಪಾಸಾಗುತ್ತಾರೆ.

ಬೆಳಗ್ಗೆಯಾದರೆ ಸೂರ್ಯ ಬೆನ್ನಿಗಿರಬೇಕು, ಇಲ್ಲದಿದ್ದರೆ ಎಲ್ಲ ಬಾತೂ ಕರೀ ಬಾತೇ. ಹಿಂದಿನಿಂದ ಹಾರಿ ಮುಂದೆ ಕೂತದ್ದನ್ನು ಎರಡನೇ ಸಾರಿ ಸೇರಿಸಬಾರದು. ಎಲ್ಲಕ್ಕಿಂತ ಮುಖ್ಯ, ಹೋದ ವಾರ ನಿಂತ ಜಾಗದಲ್ಲೇ, ಅದೇ ಹೊತ್ತಿಗೆ, ಅಷ್ಟೇ ಹೊತ್ತು ನಿಲ್ಲಬೇಕು. ಒಂದು ದಿನ ಇಪ್ಪತ್ತು ನಿಮಿಷ, ಇನ್ನೊಂದು ದಿನ ಎರಡು ಗಂಟೆ ನಿಂತು "ಈ ಸಾರಿ ಜಾಸ್ತಿ ಬಂದಿವೆ" ಅಂದರೆ ಅದು ಲೆಕ್ಕವಲ್ಲ, ಹರಟೆ.

ಏಷ್ಯಾದ ನೀರುಹಕ್ಕಿಗಳ ಗಣತಿ ಎಂಬುದು 1987ರಿಂದ ಪ್ರತಿ ಜನವರಿಯಲ್ಲಿ ನಡೆದುಬಂದಿದೆ. ಮೈಸೂರಿನ ಹಕ್ಕಿಪ್ರಿಯರು 2014ರಿಂದ 2016ರವರೆಗೆ ಇಡೀ ನಗರವನ್ನು ಚೌಕ ಚೌಕವಾಗಿ ಹಂಚಿಕೊಂಡು ಹಕ್ಕಿಗಳ ನಕಾಶೆಯನ್ನೇ ತಯಾರಿಸಿದರು. ದೇಶದ ನಗರಗಳಲ್ಲಿ ಇಂಥ ಕೆಲಸಕ್ಕೆ ಮೊದಲು ಕೈ ಹಾಕಿದವರಲ್ಲಿ ನಮ್ಮೂರಿನವರೂ ಸೇರಿದ್ದಾರೆ. ಆದರೆ ವರ್ಷಕ್ಕೊಂದು ದಿನದ ಗಣತಿ, ಇನ್ಸ್‌ಪೆಕ್ಟರು ಬಂದ ದಿನ ಮಾತ್ರ ಶಾಲೆ ನೋಡಿದ ಹಾಗೆ. ಬಾಕಿ ದಿನ ಮೇಷ್ಟ್ರು ಬರುತ್ತಾರೋ ಇಲ್ಲವೋ ತಿಳಿಯಬೇಕಾದರೆ ಪಕ್ಕದ ಮನೆಯವರೇ ನೋಡುತ್ತಿರಬೇಕು. ಬಡಾವಣೆಯವರ ಎಣಿಕೆಗೆ ಬೆಲೆ ಬರುವುದು ಇಲ್ಲಿ.

ಜಾಸ್ತಿ ಇದ್ದರೆ ಒಳ್ಳೆಯದೇ?

ಸಾವಿರ ಹಕ್ಕಿ ಇದ್ದರೆ ಕೆರೆ ಚೆನ್ನಾಗಿದೆ, ನೂರಿದ್ದರೆ ಕೆಟ್ಟಿದೆ ಎಂಬುದು ನಮ್ಮೆಲ್ಲರ ಲೆಕ್ಕಾಚಾರ. ಹಕ್ಕಿಗಳು ಹಾಗೆ ನಡೆದುಕೊಳ್ಳುವುದಿಲ್ಲ. ಕೆಂಪು ಉದ್ದ ಕಾಲಿನ ಮೆಟ್ಟುಗಾಲು ಹಕ್ಕಿಯನ್ನು ನೋಡಿ. ಚರಂಡಿ ನೀರು ಇಳಿದು ಹುಳ ಹೆಚ್ಚಿದ ಕೊಳಕು ಮಡುವಿನಲ್ಲೂ ಅದು ಹಿಂಡು ಹಿಂಡಾಗಿ ಸುಖವಾಗಿರುತ್ತದೆ. ಒಟ್ಟು ಸಂಖ್ಯೆ ಏರುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ, ಬಡಾವಣೆಯ ಸಂಘದವರಿಗೆ ಸಂತೋಷ. ನೀರಿನೊಳಗೆ ಮುಳುಗಿ ಮೀನು ಹಿಡಿಯುವ ಹಾವಕ್ಕಿ, ಗುಳುಮುಳುಕಗಳು ಕಡಿಮೆಯಾದದ್ದು ಆ ಸಂಖ್ಯೆಯೊಳಗೆ ಮುಚ್ಚಿಹೋಗಿರುತ್ತದೆ. ಅಂತರಗಂಗೆ ಹಬ್ಬಿದರೂ ಇದೇ ಕಥೆ. ಎಲೆಯ ಮೇಲೆ ನಡೆಯುವ ಜಂಬುಕೋಳಿಗೆ ಹಬ್ಬ, ತೆರೆದ ನೀರು ಬೇಕಾದ ಬಾತಿಗೆ ಉಪವಾಸ. ಅದಕ್ಕೇ ಬಲ್ಲವರು ಕೊನೆಯ ಮೊತ್ತವನ್ನು ನೋಡುವುದಿಲ್ಲ, ಯಾರ ಹೆಸರಿನ ಮುಂದೆ ಎಷ್ಟು ಎಂದು ನೋಡುತ್ತಾರೆ.

ಇನ್ನು "ಅಭಿವೃದ್ಧಿ." ಹೂಳೆತ್ತುವ ಹೆಸರಿನಲ್ಲಿ ಕೆರೆಯನ್ನು ಬಾಣಲೆಯ ಹಾಗೆ ಸುತ್ತಲೂ ಒಂದೇ ಸಮ ಆಳ ಮಾಡಿ, ದಂಡೆಗೆ ಕಲ್ಲು ಹೊದಿಸಿ, ದೀಪ ಹಾಕಿ, ನಡೆಯುವವರಿಗೆ ಹಾದಿ ಮಾಡಿದರೆ ನಮ್ಮ ಕಣ್ಣಿಗೆ ಅಂದ. ಕೆಸರಿನಂಚಿನಲ್ಲಿ ಕೊಕ್ಕು ಊರಿ ಹುಳ ಹೆಕ್ಕುವ ಸಣ್ಣ ಗೊರವಗಳು ಎಲ್ಲಿ ನಿಲ್ಲಬೇಕು? ಅವುಗಳ ಕಾಲಿನುದ್ದ ಒಂದು ಗೇಣೂ ಇಲ್ಲ. ಕೆರೆ ಎಂದರೆ ನೀರು ಮಾತ್ರ ಎಂದು ತಿಳಿದ ಇಂಜಿನಿಯರು ಒಂದು ಬೇಸಿಗೆಯಲ್ಲಿ ಮಾಡುವ ಕೆಲಸವನ್ನು ಬಿಡಿಸಲು ಎಷ್ಟು ವರ್ಷ ಬೇಕೋ. ಕೆರೆಯಂಚು ಗಲೀಜಾಗಿ ಕಂಡರೆ ಇರಲಿ ಬಿಡಿ. ಅದು ಕೆಲವರ ಊಟದ ಎಲೆ.

ಇಂಥ ಮಾತು ಬಾಯಲ್ಲಿ ಹೇಳಿದರೆ ಕಚೇರಿಯಲ್ಲಿ "ನೋಡೋಣ" ಅನ್ನುತ್ತಾರೆ. ಐದು ವರ್ಷದ ಪುಸ್ತಕ ಮುಂದಿಟ್ಟು, ಕೆಲಸ ಆದ ಮೇಲೆ ಈ ಈ ಹಕ್ಕಿ ಬರಲೇ ಇಲ್ಲ ಎಂದು ತೋರಿಸಿದರೆ ಕುರ್ಚಿ ಎಳೆದು ಕೂರಿಸುವ ಸಂಭವ ಇದೆ. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ನಿಂತಿರುವುದೇ ಇಂಥ ಪುಸ್ತಕಗಳ ಮೇಲೆ. ಮೂವತ್ತು ಸಾವಿರಕ್ಕೂ ಹೆಚ್ಚು ಜನ ಕಳಿಸಿದ ಸುಮಾರು ಮೂರು ಕೋಟಿ ದಾಖಲೆ. ವಿಜಯದಶಮಿಯ ದಿನ ನೋಡಿದರೆ ಶುಭವೆಂದು ನಾವು ನಂಬಿದ, ನಮ್ಮ ರಾಜ್ಯಪಕ್ಷಿಯೂ ಆದ ನೀಲಕಂಠ ಇಳಿಮುಖವಾಗಿದೆ ಎಂದು ಅದರಿಂದಲೇ ಗೊತ್ತಾದದ್ದು. ತಂತಿಯ ಮೇಲೆ ಕೂತ ಒಂದು ನೀಲಕಂಠವನ್ನು ನೋಡಿ ಕೈ ಮುಗಿದವರಿಗೆ ಅದು ಗೊತ್ತಾಗುವ ಹಾಗಿರಲಿಲ್ಲ.

ಸೊನ್ನೆಯನ್ನೂ ಬರೆಯಿರಿ

ಎಣಿಸುವವರಲ್ಲೂ ಒಂದು ಚಾಳಿ ಇದೆ. ಅಪರೂಪದ ಹಕ್ಕಿ ಕಂಡ ದಿನ ಊರಿಗೆಲ್ಲ ಫೋಟೋ ಕಳಿಸುತ್ತಾರೆ, ಏನೂ ಕಾಣದ ದಿನ ಪುಸ್ತಕ ತೆರೆಯುವುದಿಲ್ಲ. ಮಂಜು ಕವಿದಿತ್ತು, ಬೋರಾಯ್ತು, ವಾಪಸ್ ಬಂದೆ ಎಂದುಬಿಡುತ್ತಾರೆ. ಬಾತು ಬಾರದ ದಿನ "ಬಾತು: ಸೊನ್ನೆ" ಎಂದು ಬರೆದರೇ ಮುಂದಿನವರಿಗೆ ಉಪಯೋಗ. ಬರೆಯದೆ ಬಿಟ್ಟರೆ ಹಕ್ಕಿ ಬಂದಿರಲಿಲ್ಲವೋ, ಎಣಿಸುವವನೇ ಬಂದಿರಲಿಲ್ಲವೋ ಯಾರಿಗೆ ಗೊತ್ತು?

ಮಾರ್ಚಿಯಲ್ಲಿ ಬಿಸಿಲು ಏರುತ್ತಿದ್ದಂತೆ ಬಾತುಗಳು ಖಾಲಿಯಾಗುತ್ತವೆ. ಏಪ್ರಿಲ್ ಹೊತ್ತಿಗೆ ಸಿಪಿಲೆಯೂ ಹೊರಡುತ್ತದೆ. ನೆಂಟರ ಕಾಲಂನಲ್ಲಿ ಸಾಲಾಗಿ ಸೊನ್ನೆ ಬೀಳುವ ದಿನಗಳು ಇವು. ಉಳಿದ ನಾಮದ ಕೋಳಿ, ನೀರುಕಾಗೆಗಳನ್ನು ಎಣಿಸಲು ಆಗಲೂ ಏರಿಗೆ ಬರುವವರು ಇದ್ದಾರೆ. ಅವರ ಜೊತೆ ನಿಲ್ಲುವ ಮನಸ್ಸಿದ್ದವರು ಬೆಳಗ್ಗೆ ಆರೂವರೆಗೆ ಬಂದರೆ ಆಯಿತು. ಹಕ್ಕಿಯ ಹೆಸರು ಗೊತ್ತಿಲ್ಲದಿದ್ದರೂ ಅಡ್ಡಿಯಿಲ್ಲ, ಬರೆದುಕೊಳ್ಳಲು ಒಬ್ಬರು ಯಾವಾಗಲೂ ಬೇಕು. ನಾಯಿಯನ್ನು ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ.