ಪ್ರಶ್ನೆ ಮೊದಲು, ವಿಧಾನ ಆಮೇಲೆ

ಪದವಿಗಾಗಿ ನೀವೊಂದು ಅಧ್ಯಯನವನ್ನು ಕೈಗೊಳ್ಳಬೇಕಾಗಿದೆ ಎಂದುಕೊಳ್ಳಿ. ಅನೇಕ ವಿದ್ಯಾರ್ಥಿಗಳು ಮೊದಲು ಪ್ರಶ್ನಾವಳಿಯನ್ನು ಅಚ್ಚು ಹಾಕಿಸಿ, ಅದರಿಂದ ಏನು ತಿಳಿಯಬಹುದೆಂದು ಆಮೇಲೆ ಯೋಚಿಸುತ್ತಾರೆ. ಈ ಕ್ರಮ ತಲೆಕೆಳಗಾಗಬೇಕು. ವಿಧಾನವನ್ನು ಆರಿಸಬೇಕಾದದ್ದು ನಿಮ್ಮ ಪ್ರಶ್ನೆ. ಉತ್ತರ ಕನ್ನಡ ಜಿಲ್ಲೆಯಿಂದ ಮೂರು ಉದಾಹರಣೆಗಳನ್ನು ನೋಡೋಣ.

ಜೋಯಿಡಾದ ಕಾಡಿನಲ್ಲಿ ಎಷ್ಟು ಹುಲಿಗಳಿವೆ? ಇದು ಎಣಿಕೆಯ ಪ್ರಶ್ನೆ. ಹಿಂದೆ ನಮ್ಮ ದೇಶದಲ್ಲಿ ಹೆಜ್ಜೆಗುರುತುಗಳ ಅಚ್ಚು ತೆಗೆದು ಹುಲಿಗಳನ್ನು ಎಣಿಸುತ್ತಿದ್ದರು. ಆದರೆ ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲಿ ಒಂದು ಬಗೆ, ಧೂಳಿನಲ್ಲಿ ಇನ್ನೊಂದು ಬಗೆ. ತರಗೆಲೆ ಹಾಸಿದ ನಿತ್ಯಹರಿದ್ವರ್ಣ ಕಾಡಿನಲ್ಲಂತೂ ಅದು ಮೂಡುವುದೇ ಅಪರೂಪ. ಈ ವಿಧಾನದ ದೋಷ ರಾಜಸ್ಥಾನದ ಸರಿಸ್ಕಾದಲ್ಲಿ ಬಯಲಾಯಿತು. ಕಾಗದದ ಮೇಲೆ ಹುಲಿಗಳಿದ್ದವು. 2005ರಲ್ಲಿ ಹುಡುಕಿದಾಗ ಒಂದೂ ಉಳಿದಿರಲಿಲ್ಲ.

1990ರ ದಶಕದಲ್ಲಿ ಡಾ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಬಳಸಿದರು. ಪ್ರತಿ ಹುಲಿಯ ಪಟ್ಟೆಗಳೂ ಬೇರೆ ಬೇರೆಯಾದ್ದರಿಂದ ಚಿತ್ರ ನೋಡಿ ಅದನ್ನು ಗುರುತಿಸಬಹುದು. ಮೊದಲ ಸುತ್ತಿನಲ್ಲಿ 10 ಹುಲಿಗಳೂ ಎರಡನೆಯ ಸುತ್ತಿನಲ್ಲಿ 8 ಹುಲಿಗಳೂ ಕಂಡವೆಂದು ಭಾವಿಸಿ. ಈ 8ರಲ್ಲಿ 4 ಹಳೆಯವು. ಅಂದರೆ ಅರ್ಧದಷ್ಟು ಮೊದಲೇ ಕಂಡಿದ್ದವು. ಹಾಗಾದರೆ ಮೊದಲು ಕಂಡ 10 ಒಟ್ಟು ಸಂಖ್ಯೆಯ ಅರ್ಧ, ಅಂದಾಜು 20. ಕಾಣದೆ ಉಳಿದವನ್ನೂ ಲೆಕ್ಕಕ್ಕೆ ತರುವುದೇ ಈ ವಿಧಾನದ ಹೆಚ್ಚುಗಾರಿಕೆ.

ವಿಧಾನ ಸರಿಯಿದ್ದರೂ ಕಾಲ ತಪ್ಪಬಹುದು. ದಾಂಡೇಲಿಯಲ್ಲಿ ನಾಲ್ಕು ಜಾತಿಯ ಮಂಗಟ್ಟೆ ಹಕ್ಕಿಗಳಿವೆ. ಸಂಜೆ ಅವು ತಂಗುವ ಮರಗಳ ಬಳಿ ನಿಂತು ಎಣಿಸಬಹುದು. ಆದರೆ ಮರಿ ಮಾಡುವ ಕಾಲದಲ್ಲಿ ಹೆಣ್ಣು ಮರದ ಪೊಟರೆಯೊಳಗೆ ಸೇರಿ ಬಾಯಿ ಮುಚ್ಚಿಕೊಳ್ಳುತ್ತದೆ. ಸಣ್ಣ ಸೀಳಿನ ಮೂಲಕ ಗಂಡು ಆಹಾರ ಕೊಡುತ್ತದೆ. ಆಗ ಎಣಿಸಿದವರಿಗೆ ಹಕ್ಕಿಗಳು ಕಡಿಮೆಯಾದಂತೆ ತೋರುತ್ತದೆ!

ಇನ್ನು ಮನುಷ್ಯರ ವಿಷಯ. ಹಳಿಯಾಳ, ಮುಂಡಗೋಡ ತಾಲ್ಲೂಕುಗಳಲ್ಲಿ ಸಿದ್ದಿ ಜನರಿದ್ದಾರೆ. 2003ರಲ್ಲಿ ಜಿಲ್ಲೆಯ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಇದರಿಂದ ಶಾಲೆ ಬಿಡುವ ಮಕ್ಕಳು ಕಡಿಮೆಯಾದರೇ? ಶಾಲೆಯ ದಾಖಲೆಗಳಿಂದ ಸಂಖ್ಯೆ ಸಿಗುತ್ತದೆ, ಕಾರಣ ಸಿಗುವುದಿಲ್ಲ. ಏಕೆಂದರೆ ಅದೇ ಸುಮಾರಿಗೆ ಮಧ್ಯಾಹ್ನದ ಬಿಸಿಯೂಟವೂ ಆರಂಭವಾಯಿತು. ಅದೇ ಊಟ ಉಣ್ಣುವ, ಆದರೆ ಪಟ್ಟಿಗೆ ಸೇರದ ನೆರೆಯ ಮಕ್ಕಳೊಡನೆ ಹೋಲಿಸಿದರೆ ಮಾತ್ರ ಎರಡರ ಪರಿಣಾಮವನ್ನು ಬಿಡಿಸಿ ನೋಡಲು ಸಾಧ್ಯ. ಶಾಲೆ ಬಿಟ್ಟವರು ಏಕೆ ಬಿಟ್ಟರು ಎಂಬುದಕ್ಕಾದರೋ ಸಂದರ್ಶನವೇ ಬೇಕು. ಮನೆಯಲ್ಲಿ ಕೊಂಕಣಿ ಆಡುವವರ ಕೈಗೆ ಕನ್ನಡದ ಮುದ್ರಿತ ಪ್ರಶ್ನಾವಳಿ ಕೊಟ್ಟು ಬಂದರೆ ಸಾಲದು. ಅವರ ಒಪ್ಪಿಗೆ ಪಡೆದು, ಕುಳಿತು ಕೇಳಬೇಕು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಅದು ‘ಎಷ್ಟು’ ಎಂದು ಕೇಳುತ್ತದೆಯೋ, ‘ಏಕೆ’ ಎಂದೋ, ‘ಇದರಿಂದಲೇ ಅದು ಆಯಿತೆ’ ಎಂದೋ ನೋಡಿಕೊಳ್ಳಿ. ನಿಮ್ಮ ಊಹೆ ಸುಳ್ಳಾಗಿದ್ದರೆ ಈ ವಿಧಾನ ಅದನ್ನು ತೋರಿಸುತ್ತದೆಯೇ ಎಂದು ಪ್ರಶ್ನಿಸಿಕೊಳ್ಳಿ. ಅನಂತರ ಸಣ್ಣ ಪ್ರಮಾಣದಲ್ಲಿ ಒಮ್ಮೆ ಪರೀಕ್ಷಿಸಿ. ಒಂದು ವಾರದ ಈ ಪರೀಕ್ಷೆ ಒಂದು ವರ್ಷದ ಶ್ರಮವನ್ನು ಉಳಿಸಬಲ್ಲುದು.