ಕಪಾಟಿನ ಹಳೆ ಪಿಸ್ತೂಲು: ನಂಬಿದ್ದೆಷ್ಟು, ನಿಜವೆಷ್ಟು?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ತೋಟದ ಮನೆಗಳಿಗೆ ಕೋವಿ ಹೊಸದಲ್ಲ. ತುಳುವಿನಲ್ಲಿ ‘ಬೆಡಿ’ ಎಂದರೆ ಮಕ್ಕಳಿಗೂ ಗೊತ್ತು. ಹಂದಿ, ಮಂಗಗಳ ಕಾಟಕ್ಕೆಂದು ಲೈಸೆನ್ಸ್ ಮಾಡಿಸಿ ಇಟ್ಟುಕೊಂಡ ಒಂಟಿ ನಳಿಗೆ, ಜೋಡಿ ನಳಿಗೆಯ ಕೋವಿಗಳನ್ನು ಎಷ್ಟೋ ಮನೆಗಳು ತಲೆಮಾರುಗಳಿಂದ ನೋಡಿವೆ. ಪಿಸ್ತೂಲು ಹಾಗಲ್ಲ, ಅದು ಅಪರೂಪ. ಹಿರಿಯರು ತೀರಿಕೊಂಡ ಮೇಲೆ ಕಪಾಟು ತೆರೆದಾಗ ಬಟ್ಟೆಯಲ್ಲಿ ಸುತ್ತಿಟ್ಟದ್ದು ಕೈಗೆ ಸಿಗಬಹುದು. ಇಲ್ಲವೇ ಪರಿಚಯದವರೊಬ್ಬರು “ಹಳೇ ಫಾರಿನ್ ಮಾಲು, ಬೇಕಾದರೆ ಕೊಡುತ್ತೇನೆ” ಎನ್ನಬಹುದು. ಆಗ ಕೋವಿಯ ಬಗ್ಗೆ ಕೇಳಿದ್ದು, ಸಿನಿಮಾದಲ್ಲಿ ಕಂಡದ್ದು, ಕೊಡಗಿನ ಸ್ನೇಹಿತರು ಹೇಳಿದ್ದು ಎಲ್ಲವೂ ತಲೆಯಲ್ಲಿ ಕಲಸಿಹೋಗುತ್ತವೆ. ಇಲ್ಲಿ ತಪ್ಪು ತಿಳಿವಳಿಕೆಗೆ ಜೈಲಿನ ದಾರಿ ಹತ್ತಿರ, ಕೆಲವೊಮ್ಮೆ ಸ್ಮಶಾನದ್ದೂ. ಆದ್ದರಿಂದ ಒಂದೊಂದನ್ನೇ ಬಿಡಿಸಿ ನೋಡೋಣ.

ತಪ್ಪು ಕಲ್ಪನೆ 1: ಅಜ್ಜನ ಪಿಸ್ತೂಲು, ಅಜ್ಜನ ಲೈಸೆನ್ಸ್. ಅವರ ನಂತರ ಅದು ಮನೆಯ ಸೊತ್ತು.

ಸತ್ಯ: ಗದ್ದೆ, ತೋಟ, ಬಂಗಾರದ ಹಾಗೆ ಲೈಸೆನ್ಸ್ ಪಾಲಿಗೆ ಬರುವುದಿಲ್ಲ. ಅದು ಯಾರ ಹೆಸರಿಗಿದೆಯೋ ಅವರೊಬ್ಬರಿಗೆ ಸೇರಿದ್ದು. ಅವರು ತೀರಿಕೊಂಡರೆ ವಿನಾಕಾರಣ ತಡಮಾಡದೆ ಪಿಸ್ತೂಲನ್ನು ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಯಲ್ಲಿ ಠೇವಣಿ ಇಡಬೇಕು ಎನ್ನುತ್ತದೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ. ಠೇವಣಿ ಇಟ್ಟ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಪಡೆದು ಬಿಡಿಸಿಕೊಳ್ಳಬಹುದು, ಅರ್ಹರಿಗೆ ಮಾರಲೂಬಹುದು. ಲೈಸೆನ್ಸ್ ಇಲ್ಲದೆ ಮನೆಯಲ್ಲೇ ಇಟ್ಟುಕೊಂಡರೆ ಅದು ಅಪರಾಧ. 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸಜೆ ಮತ್ತು ದಂಡ ಇದೆ.

ಸಾವಿನ ತನಕ ಕಾಯಬೇಕೆಂದೂ ಇಲ್ಲ. ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದ್ದರೆ, ಇಲ್ಲವೇ ಆಯುಧ ಅವರ ಬಳಿ 25 ವರ್ಷ ಇದ್ದಿದ್ದರೆ, ಅವರು ಸೂಚಿಸಿದ ವಾರಸುದಾರರಿಗೆ ಲೈಸೆನ್ಸ್ ಕೊಡಲು 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಅವಕಾಶವಿದೆ.

ತಪ್ಪು ಕಲ್ಪನೆ 2: ಹಣ ಕೊಟ್ಟು, ಛಾಪಾ ಕಾಗದದಲ್ಲಿ ಬರೆಸಿಕೊಂಡರೆ ಖರೀದಿ ಮುಗಿಯಿತು.

ಸತ್ಯ: ಬೈಕ್ ಕೊಳ್ಳುವಾಗ ಗಾಡಿ ಮೊದಲು, ಕಾಗದ ಆಮೇಲೆ ಎನ್ನುವುದು ರೂಢಿ. ಇಲ್ಲಿ ಕಾಗದವೇ ಮೊದಲು. ಕೊಳ್ಳುವವರಿಗೆ 21 ವರ್ಷ ತುಂಬಿರಬೇಕು, ಆ ಬಗೆಯ ಆಯುಧಕ್ಕೆ ಲೈಸೆನ್ಸ್ ಕೈಯಲ್ಲಿರಬೇಕು. ಮಾರುವವರು ಯಾರಿಗೆ ಮಾರುತ್ತೇನೆಂದು ಹೆಸರು, ವಿಳಾಸ ಸಹಿತ ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣಾಧಿಕಾರಿಗೆ ಬರೆದು ಕೊಡಬೇಕು. ಹಾಗೆ ಕೊಟ್ಟು 45 ದಿನ ಕಳೆಯದೆ ಪಿಸ್ತೂಲು ಕೈ ಬದಲಾಯಿಸುವಂತಿಲ್ಲ. ಪಿಸ್ತೂಲಿನ ಮೇಲೆ ಕೊರೆದ ನಂಬರು ಮಾರುವವರ ಲೈಸೆನ್ಸಿನಲ್ಲಿ ಬರೆದದ್ದಕ್ಕೆ ಅಕ್ಷರಶಃ ಹೊಂದಬೇಕು. ನಂಬರು ಉಜ್ಜಿಹೋಗಿದ್ದರೆ ಆ ಮಾತುಕತೆಯನ್ನು ಅಲ್ಲಿಗೇ ಬಿಡಿ.

ಈ ಮೂರು ಊರುಗಳ ನಡುವೆ ಒಂದು ವ್ಯತ್ಯಾಸವೂ ಇದೆ. ಬಂಟ್ವಾಳ, ಬೆಳ್ತಂಗಡಿಯವರಿಗೆ ಈ ವಿಷಯದಲ್ಲಿ ಜಿಲ್ಲಾ ದಂಡಾಧಿಕಾರಿ ಎಂದರೆ ಜಿಲ್ಲಾಧಿಕಾರಿ. ಮೂಡುಬಿದಿರೆ ಠಾಣೆ ಮಂಗಳೂರು ನಗರ ಪೊಲೀಸ್ ಕಮಿಷನರೇಟಿಗೆ ಸೇರಿದೆ. ಕಮಿಷನರ್ ಇರುವ ಪ್ರದೇಶದಲ್ಲಿ ಜಿಲ್ಲಾ ದಂಡಾಧಿಕಾರಿ ಎಂದರೆ ಪೊಲೀಸ್ ಕಮಿಷನರ್ ಎಂದು ಕಾಯ್ದೆಯೇ ಹೇಳುತ್ತದೆ. ಹಾಗಾಗಿ ಬೆಳ್ತಂಗಡಿ ತಾಲೂಕಿನ ವೇಣೂರಿನವರ ಅರ್ಜಿಗೂ ಮೂಡುಬಿದಿರೆಯವರ ಅರ್ಜಿಗೂ ದಾರಿ ಬೇರೆ.

ತಪ್ಪು ಕಲ್ಪನೆ 3: ಬೆಳೆ ರಕ್ಷಣೆಗೆ ಲೈಸೆನ್ಸ್ ಇದೆ, ಅದರಲ್ಲೇ ಪಿಸ್ತೂಲೂ ಇಟ್ಟುಕೊಳ್ಳಬಹುದು.

ಸತ್ಯ: ಲೈಸೆನ್ಸಿನಲ್ಲಿ ಯಾವ ಆಯುಧ ಎಂದು ಬರೆದಿದೆಯೋ ಅದಕ್ಕೆ ಮಾತ್ರ ಅದು ಲೈಸೆನ್ಸ್. ಬೆಳೆ ರಕ್ಷಣೆಗೆಂದು ಕಾಯ್ದೆ ಹೆಸರಿಸುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು. ಸ್ವರಕ್ಷಣೆಗೆ, ಕ್ರೀಡೆಗೆಂದು ಹೇಳುವುದು 20 ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿಯನ್ನು. ಪಿಸ್ತೂಲಿಗೆ ಬೇರೆಯೇ ಕಾರಣ ತೋರಿಸಿ ಬೇರೆಯೇ ಮಂಜೂರಾತಿ ಪಡೆಯಬೇಕು. ಒಬ್ಬರಿಗೆ ಇರಬಹುದಾದ ಬಂದೂಕುಗಳ ಮಿತಿಯೂ 2019ರಲ್ಲಿ ಮೂರರಿಂದ ಎರಡಕ್ಕೆ ಇಳಿದಿದೆ. ಮನೆಯಲ್ಲಿ ನಿಮ್ಮ ಹೆಸರಿಗೆ ಈಗಾಗಲೇ ಎರಡು ಕೋವಿ ಇದ್ದರೆ ಅಜ್ಜನ ಪಿಸ್ತೂಲಿಗೆ ಜಾಗವಿಲ್ಲ.

ಇನ್ನು, ಲೈಸೆನ್ಸ್ ಇದ್ದರೂ ಪ್ರಾಣಿಗೆ ಗುಂಡು ಹೊಡೆಯಲು ಅದು ಅನುಮತಿಯಲ್ಲ. ಕಾಡುಹಂದಿ, ನವಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ.

ತಪ್ಪು ಕಲ್ಪನೆ 4: ಘಟ್ಟದಾಚೆ ಕೊಡಗಿನಲ್ಲಿ ಲೈಸೆನ್ಸ್ ಬೇಡ, ಅವರಿಂದ ತಂದರೆ ನಮಗೂ ಬೇಡ.

ಸತ್ಯ: ಕೊಡವ ಜನಾಂಗದವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. ವಿನಾಯಿತಿ ಆ ಜನರಿಗೆ ಹೊರತು ಅವರ ಕೋವಿಗೆ ಅಲ್ಲ. ಬೇರೆಯವರ ಕೈಗೆ ಬಂದ ಕ್ಷಣ ಅದು ಲೈಸೆನ್ಸ್ ಬೇಕಾದ ಆಯುಧ.

ತಪ್ಪು ಕಲ್ಪನೆ 5: ಪಿಸ್ತೂಲಿನ ಮೇಲೆ ‘ಆಟೋ’ ಎಂದಿದೆ, ಅದು ನಿಷೇಧಿತ.

ಸತ್ಯ: ‘.32 ಆಟೋ’ ಎನ್ನುವುದು ಗುಂಡಿನ ಹೆಸರು. ಅಮೆರಿಕದ ಜಾನ್ ಬ್ರೌನಿಂಗ್ 1899ರ ಸುಮಾರಿಗೆ ರೂಪಿಸಿದ ಗುಂಡಿದು. ಗುಂಡು ಹಾರಿದ ರಭಸಕ್ಕೆ ಪಿಸ್ತೂಲಿನ ಮೇಲಿನ ಭಾಗ ಹಿಂದೆ ಸರಿದು, ಖಾಲಿ ತೋಟೆಯನ್ನು ಹೊರಗೆಸೆದು, ಮುಂದಿನದನ್ನು ತಾನೇ ತುಂಬಿಕೊಳ್ಳುತ್ತದೆ. ‘ಆಟೋ’ ಎಂದದ್ದು ಇಷ್ಟಕ್ಕೆ. ಒಂದು ಸಲ ಕುದುರೆ ಎಳೆದರೆ ಒಂದೇ ಗುಂಡು. ಎಳೆದು ಹಿಡಿದಷ್ಟು ಹೊತ್ತೂ ಸುರಿಯುವಂಥದ್ದು ನಿಷೇಧಿತ ಆಯುಧ. 9 ಎಂಎಂ ಪಿಸ್ತೂಲೂ ಸಾಮಾನ್ಯ ಲೈಸೆನ್ಸಿಗೆ ಸಿಗದು. ನಿಷೇಧಿತ ಆಯುಧ ಅಕ್ರಮವಾಗಿ ಸಿಕ್ಕಿಬಿದ್ದರೆ ಸಜೆ 7ರಿಂದ 14 ವರ್ಷ.

ಇದೇ ಹೆಸರಿನಿಂದ ಇನ್ನೊಂದು ಗೊಂದಲವೂ ಹುಟ್ಟುತ್ತದೆ. .32 ರಿವಾಲ್ವರಿನ ಗುಂಡು ಬೇರೆ, .32 ಪಿಸ್ತೂಲಿನ ಗುಂಡು ಬೇರೆ. ರಿವಾಲ್ವರಿನದು ಉದ್ದ. ಒಂದರದ್ದನ್ನು ಇನ್ನೊಂದಕ್ಕೆ ಹಾಕುವಂತಿಲ್ಲ.

ತಪ್ಪು ಕಲ್ಪನೆ 6: ಹಳೆಯ ಫಾರಿನ್ ಪಿಸ್ತೂಲಿಗೆ ಬೆಲೆ ಹೆಚ್ಚು, ಹಾಗಾಗಿ ಅದೇ ಗಟ್ಟಿ.

ಸತ್ಯ: ಬೆಲೆ ಏರಿರುವುದು ಸಿಗದ ಕಾರಣಕ್ಕೆ. 1980ರ ದಶಕದ ನಡುವಿನಿಂದ ಸಾಮಾನ್ಯ ಲೈಸೆನ್ಸ್‌ದಾರರು ವಿದೇಶದಿಂದ ಪಿಸ್ತೂಲು ತರಿಸಿಕೊಳ್ಳುವ ದಾರಿ ಮುಚ್ಚಿತು. ಮೊದಲೇ ದೇಶದೊಳಗಿದ್ದ ಕೋಲ್ಟ್, ವೆಬ್ಲಿ, ವಾಲ್ಥರ್‌ಗಳೇ ಕೈಯಿಂದ ಕೈಗೆ ಹೋಗುತ್ತಿವೆ. ಎಷ್ಟೇ ಒಳ್ಳೆಯ ಕಂಪೆನಿಯದಾದರೂ ಸ್ಪ್ರಿಂಗ್ ಸಡಿಲವಾಗುತ್ತದೆ. ಕುದುರೆಗೆ ಕೊಂಡಿಯಾಗಿರುವ ಭಾಗ ಸವೆದರೆ ಎಳೆಯದೆಯೇ ಹಾರಬಹುದು, ಒಂದರ ಹಿಂದೆ ಇನ್ನೊಂದು ಹಾರಬಹುದು. ಹಳೆಯ ಮಾದರಿಗಳಲ್ಲಿ ಕೆಲವು ಕೈಜಾರಿ ಬಿದ್ದರೂ ಹಾರುವಂಥವು. ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಕೈಯಲ್ಲಿ ಬಿಚ್ಚಿಸಿ ನೋಡಿಸದೆ ಹಣ ಕೊಡಬೇಡಿ. ಊರಿನ ವರ್ಕ್‌ಶಾಪಿನಲ್ಲಿ ಅರ ಹಾಕಿಸುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ.

ತಪ್ಪು ಕಲ್ಪನೆ 7: ಮ್ಯಾಗಜಿನ್ ತೆಗೆದರೆ ಪಿಸ್ತೂಲು ಖಾಲಿ.

ಸತ್ಯ: ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಜೋಡಿ ನಳಿಗೆಯ ಕೋವಿಯನ್ನು ಮುರಿದು ಹಿಡಿದರೆ ತೋಟೆ ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಪಿಸ್ತೂಲಿನಲ್ಲಿ ಮ್ಯಾಗಜಿನ್ ಹೊರಗೆ ಬಂದ ಮೇಲೂ ನಳಿಗೆಯ ಬುಡದಲ್ಲಿ ಒಂದು ಗುಂಡು ಉಳಿದಿರಬಹುದು. ಅನೇಕ ಹಳೆಯ ಪಿಸ್ತೂಲುಗಳು ಮ್ಯಾಗಜಿನ್ ಇಲ್ಲದೆಯೂ ಹಾರುತ್ತವೆ. ಕಪಾಟಿನಲ್ಲಿ ಸಿಕ್ಕಿದ್ದನ್ನು ಗೊತ್ತಿಲ್ಲದವರು ಮುಟ್ಟಬಾರದು. ಮಕ್ಕಳನ್ನು ದೂರವಿಟ್ಟು, ಕೋಣೆಗೆ ಬೀಗ ಹಾಕಿ, ಠಾಣೆಗೆ ತಿಳಿಸಿ, ಅವರು ಹೇಳಿದ ಹಾಗೆ ನಡೆಯಿರಿ.

ತಪ್ಪು ಕಲ್ಪನೆ 8: ತೆಂಗಿನೆಣ್ಣೆ ಸವರಿ ಚರ್ಮದ ಚೀಲದಲ್ಲಿಟ್ಟರೆ ನೂರು ವರ್ಷ ಬಾಳುತ್ತದೆ.

ಸತ್ಯ: ನಮ್ಮ ಆಟಿಯ ಮಳೆಗೆ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಚರ್ಮ ತೇವ ಹೀರಿ ಅದನ್ನು ಕಬ್ಬಿಣಕ್ಕೆ ತಾಗಿಸಿಟ್ಟುಕೊಳ್ಳುತ್ತದೆ, ತುಕ್ಕು ಅಲ್ಲಿಂದಲೇ ಶುರು. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಬಂದೂಕಿಗೆಂದೇ ಇರುವ ತೆಳು ಎಣ್ಣೆ, ಒಣ ಬಟ್ಟೆ, ಬೀಗದ ಉಕ್ಕಿನ ಪೆಟ್ಟಿಗೆ ಬೇಕು. ಗುಂಡುಗಳಿಗೆ ಬೇರೆ ಬೀಗ.

ತಪ್ಪು ಕಲ್ಪನೆ 9: ಲೈಸೆನ್ಸ್ ಇದ್ದವರು ಆಯುಧಪೂಜೆಗೆ, ಮದುವೆಗೆ ಒಂದು ಗುಂಡು ಮೇಲಕ್ಕೆ ಹಾರಿಸಿದರೆ ತಪ್ಪಿಲ್ಲ.

ಸತ್ಯ: ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಮೇಲೆ ಹೋದ ಗುಂಡು ಯಾರದೋ ಅಂಗಳಕ್ಕೆ ಇಳಿಯಲೇಬೇಕು.

ಇವೆಲ್ಲದರ ಹಿಂದೆ ಇರುವುದು ಒಂದೇ ತಪ್ಪು: ಪಿಸ್ತೂಲನ್ನು ಸೊತ್ತು ಎಂದು ನೋಡುವುದು. ಅದು ಒಬ್ಬರ ಹೆಸರಿಗೆ, ಇಂತಿಷ್ಟು ವರ್ಷಕ್ಕೆ ಎಂದು ಒಪ್ಪಿಸಿದ ಹೊಣೆ. ಈಗ ಲೈಸೆನ್ಸಿನ ಅವಧಿ 5 ವರ್ಷ, ಆಮೇಲೆ ನವೀಕರಿಸಬೇಕು. ನಿಮ್ಮ ಮನೆಯ ಹಿರಿಯರ ಬಳಿ ಕೋವಿಯೋ ಪಿಸ್ತೂಲೋ ಇದ್ದರೆ ಈ ವಾರವೇ ಅವರ ಬಳಿ ಕುಳಿತು ಕೇಳಿ: ಲೈಸೆನ್ಸ್ ಎಲ್ಲಿದೆ, ಯಾವಾಗ ಮುಗಿಯುತ್ತದೆ, ಮುಂದೆ ಯಾರ ಹೆಸರಿಗೆ? ಕೇಳಲು ಸಂಕೋಚವಾಗುವುದು ಸಹಜ. ಆದರೂ ಕೇಳಿ. ಉತ್ತರ ಗೊತ್ತಿರುವವರು ಅವರೊಬ್ಬರೇ.