ಕಡಿತದ ಪಟ್ಟಿ ಮತ್ತು ಮತ ಎಣಿಕೆಯ ಗಣಿತ

ಅನುದಾನದಲ್ಲಿ ಕಡಿತವಾದಾಗ ವಿಶ್ವವಿದ್ಯಾನಿಲಯದ ವಿಭಾಗಗಳಲ್ಲಿ ಸಭೆ ಸೇರಿ ಆದ್ಯತೆಗಳ ಪಟ್ಟಿ ಮಾಡುವುದು ವಾಡಿಕೆ. ಯಾವುದು ಮೊದಲು, ಯಾವುದು ಆಮೇಲೆ, ಯಾವುದನ್ನು ಕೈಬಿಡಬಹುದು? ಎಲ್ಲರೂ ಪ್ರಾಮಾಣಿಕವಾಗಿ ಮತ ಹಾಕಿ, ಎಣಿಕೆಯಲ್ಲಿಯೂ ತಪ್ಪಾಗದಿದ್ದರೆ, ಹೊರಬಂದ ಪಟ್ಟಿಯೇ ಸಭೆಯ ಅಭಿಪ್ರಾಯ ಎಂದು ನಾವು ನಂಬುತ್ತೇವೆ. ನಾನೂ ಹಾಗೆಯೇ ನಂಬಿದ್ದೆ.

2000ರ ದಶಕದ ಮೊದಲ ವರ್ಷಗಳು. ನಮ್ಮ ರಾಜ್ಯದ ಒಂದು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದಲ್ಲಿ ನಾನು ಅತ್ಯಂತ ಕಿರಿಯ ಅಧ್ಯಾಪಕ. ಆ ವರ್ಷದ ಕಡಿತ ಮೇಲುನೋಟಕ್ಕೆ ಸಣ್ಣದೇ. ಆದರೆ ಇಲ್ಲೊಂದು ಸರಳ ಲೆಕ್ಕವಿದೆ. ಒಟ್ಟು ವೆಚ್ಚ 100 ರೂಪಾಯಿ ಎಂದುಕೊಳ್ಳಿ. ಅದರಲ್ಲಿ 85 ರೂಪಾಯಿ ಸಂಬಳ ಮತ್ತು ನಿವೃತ್ತಿ ವೇತನಕ್ಕೆ ಹೋಗುತ್ತದೆ, ಅದನ್ನು ಮುಟ್ಟುವಂತಿಲ್ಲ. ಉಳಿದ 15 ರೂಪಾಯಿಯಲ್ಲಿ ಪ್ರಯೋಗಾಲಯ, ಗ್ರಂಥಾಲಯ, ದುರಸ್ತಿ ಎಲ್ಲವೂ ನಡೆಯಬೇಕು. ಅನುದಾನ ಶೇಕಡಾ 6ರಷ್ಟು ಇಳಿದರೆ ಆ 6 ರೂಪಾಯಿ ಈ 15ರಿಂದಲೇ ಹೋಗಬೇಕು. ಅಂದರೆ ಪ್ರಯೋಗಾಲಯಕ್ಕೆ ತಟ್ಟುವ ಕಡಿತ ಶೇಕಡಾ 6 ಅಲ್ಲ, 40. ಸುತ್ತೋಲೆಯಲ್ಲಿ ಕಾಣುವ ಸಂಖ್ಯೆಯೇ ಬೇರೆ, ವಿಭಾಗದ ಮುಖ್ಯಸ್ಥರ ಮೇಜಿನ ಮೇಲೆ ಬಂದು ಕೂರುವ ಸಂಖ್ಯೆಯೇ ಬೇರೆ.

ನಮ್ಮಲ್ಲಿ ಮೂರು ಬೇಡಿಕೆಗಳಿದ್ದವು. ಕೆಟ್ಟು ನಿಂತಿದ್ದ ದ್ರವ ನೈಟ್ರೋಜನ್ ಘಟಕದ ದುರಸ್ತಿ, ಸಂಶೋಧನಾ ಪತ್ರಿಕೆಗಳ ಚಂದಾ, ಮತ್ತು ಗಾಜಿನ ಕಾರ್ಯಾಗಾರದ ತಾತ್ಕಾಲಿಕ ಗ್ಲಾಸ್ ಬ್ಲೋಯರ್ ಒಬ್ಬರ ಮುಂದುವರಿಕೆ. ಹಣ ಒಂದಕ್ಕೆ ಮಾತ್ರ. ಮಂಡಳಿಯಲ್ಲಿದ್ದವರು 9 ಮಂದಿ. ನಡಾವಳಿ ಬರೆಯುವ ಕೆಲಸ ನನ್ನದಾದ್ದರಿಂದ, ಚರ್ಚೆಯಲ್ಲಿ ಯಾರ ಒಲವು ಯಾವ ಕ್ರಮದಲ್ಲಿದೆ ಎಂದು ಗುರುತು ಹಾಕಿಕೊಂಡಿದ್ದೆ:

4 ಮಂದಿ: ಘಟಕ, ಕಾರ್ಯಾಗಾರ, ಪತ್ರಿಕೆ
3 ಮಂದಿ: ಪತ್ರಿಕೆ, ಘಟಕ, ಕಾರ್ಯಾಗಾರ
2 ಮಂದಿ: ಕಾರ್ಯಾಗಾರ, ಪತ್ರಿಕೆ, ಘಟಕ

ಮೊದಲ ಗುಂಪು ಪ್ರಾಯೋಗಿಕ ಸಂಶೋಧನೆಯವರದು, ನಾನೂ ಅದರಲ್ಲಿದ್ದೆ. ಎರಡನೆಯದು ಸೈದ್ಧಾಂತಿಕ ಭೌತಶಾಸ್ತ್ರದವರದು. ಮೂರನೆಯ ಗುಂಪಿನ ಇಬ್ಬರು ವಿದ್ಯಾರ್ಥಿಗಳ ಪ್ರಾಕ್ಟಿಕಲ್ ನೋಡಿಕೊಳ್ಳುತ್ತಿದ್ದವರು. ಒಡೆದ ಗಾಜಿನ ಉಪಕರಣಗಳ ಕಷ್ಟ ಅವರಿಗೆ ದಿನನಿತ್ಯ ಗೊತ್ತಿತ್ತು.

ಮುಖ್ಯಸ್ಥರು ಒಂದು ಸರಳ ದಾರಿ ಹೇಳಿದರು: ಟಿಪ್ಪಣಿಯಲ್ಲಿರುವ ಮೊದಲ ಎರಡು ವಿಷಯಗಳಿಗೆ ಕೈ ಎತ್ತೋಣ, ಗೆದ್ದದ್ದನ್ನು ಮೂರನೆಯದರ ಜೊತೆ ಹೋಲಿಸೋಣ. ಘಟಕವೋ ಕಾರ್ಯಾಗಾರವೋ ಎಂದಾಗ 7-2ರಿಂದ ಘಟಕ ಗೆದ್ದಿತು. ಘಟಕವೋ ಪತ್ರಿಕೆಯೋ ಎಂದಾಗ 5-4ರಿಂದ ಪತ್ರಿಕೆ ಗೆದ್ದಿತು. ತೀರ್ಮಾನ ಪತ್ರಿಕೆಯ ಪರ. ಗ್ಲಾಸ್ ಬ್ಲೋಯರ್ ತಿಂಗಳ ಕೊನೆಗೆ ಕೆಲಸ ಬಿಟ್ಟರು.

ಇನ್ನೊಂದು ಜೋಡಿಯನ್ನು ಅಂದು ಯಾರೂ ಹೋಲಿಸಲಿಲ್ಲ. ಕಾರ್ಯಾಗಾರವೋ ಪತ್ರಿಕೆಯೋ? ಮೇಲಿನ ಪಟ್ಟಿಯನ್ನು ನೀವೇ ಎಣಿಸಿ ನೋಡಿ. ಮೊದಲ ಮತ್ತು ಮೂರನೆಯ ಗುಂಪು ಸೇರಿ 6-3ರಿಂದ ಕಾರ್ಯಾಗಾರ ಗೆಲ್ಲುತ್ತದೆ! ಅಂದರೆ ಘಟಕವು ಕಾರ್ಯಾಗಾರವನ್ನು, ಕಾರ್ಯಾಗಾರವು ಪತ್ರಿಕೆಯನ್ನು, ಪತ್ರಿಕೆಯು ಘಟಕವನ್ನು ಸೋಲಿಸುತ್ತದೆ. ಇಂಥ ಸ್ಥಿತಿಯಲ್ಲಿ ಯಾವ ವಿಷಯವನ್ನು ಕೊನೆಗೆ ಉಳಿಸಿಕೊಳ್ಳುತ್ತೀರೋ ಅದೇ ಗೆಲ್ಲುತ್ತದೆ. ಘಟಕ ಮತ್ತು ಪತ್ರಿಕೆಯನ್ನು ಮೊದಲು ಹೋಲಿಸಿದ್ದರೆ ಕೊನೆಗೆ ಕಾರ್ಯಾಗಾರ ಉಳಿಯುತ್ತಿತ್ತು. ಟಿಪ್ಪಣಿಯಲ್ಲಿ ವಿಷಯಗಳ ಕ್ರಮವನ್ನು ನಿರ್ಧರಿಸಿದವರು ಯಾರು? ನಾನೇ. ಕಡತಗಳು ಮೇಜಿನ ಮೇಲಿದ್ದ ಕ್ರಮದಲ್ಲಿ ಟೈಪ್ ಮಾಡಿಸಿದ್ದೆ, ಅಷ್ಟೆ.

ವಿಭವವಿಲ್ಲದ ಕ್ಷೇತ್ರ

ಒಬ್ಬ ವ್ಯಕ್ತಿಯ ಒಲವಿನಲ್ಲಿ ಇಂಥ ಸುತ್ತು ಇರುವುದಿಲ್ಲ. ಕಾಫಿಗಿಂತ ಚಹಾ, ಚಹಾಕ್ಕಿಂತ ಮಜ್ಜಿಗೆ ಇಷ್ಟವಾದರೆ ಕಾಫಿಗಿಂತ ಮಜ್ಜಿಗೆ ಇಷ್ಟ. ಗಣಿತದಲ್ಲಿ ಇದನ್ನು ಟ್ರಾನ್ಸಿಟಿವ್ ಗುಣ ಎನ್ನುತ್ತೇವೆ. ಆ 9 ಮಂದಿಯಲ್ಲಿ ಪ್ರತಿಯೊಬ್ಬರಿಗೂ ಈ ಗುಣವಿತ್ತು, ಬಹುಮತಕ್ಕೆ ಇರಲಿಲ್ಲ. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಒಂದು ಹೋಲಿಕೆ ಕೊಡಬಹುದು. ಸಂರಕ್ಷಕ ಬಲವಿದ್ದಾಗ ಪ್ರತಿ ಬಿಂದುವಿಗೂ ಒಂದು ವಿಭವದ ಬೆಲೆ ಕೊಡಬಹುದು. ಸುತ್ತಿ ಮತ್ತೆ ಅದೇ ಬಿಂದುವಿಗೆ ಬಂದರೆ ಮಾಡಿದ ಒಟ್ಟು ಕೆಲಸ ಸೊನ್ನೆ. ಸುತ್ತು ಹಾಕಿದಾಗ ಕೆಲಸ ಸೊನ್ನೆಯಾಗದಿದ್ದರೆ ಅಲ್ಲಿ ವಿಭವ ಎಂಬುದೇ ಇಲ್ಲ. ಆದ್ಯತೆಯ ಪಟ್ಟಿ ಎಂದರೆ ಪ್ರತಿ ಬೇಡಿಕೆಗೂ ಒಂದು ಎತ್ತರ ಕೊಟ್ಟಂತೆ. ನಮ್ಮ ಮಂಡಳಿಯ ಬಹುಮತಕ್ಕೆ ಅಂಥ ಎತ್ತರಗಳೇ ಇರಲಿಲ್ಲ. ಇಲ್ಲದ್ದನ್ನು ನಾವು ಅಳೆದು ನಡಾವಳಿಯಲ್ಲಿ ಬರೆದೆವು.

ಇದನ್ನು ಮೊದಲು ವಿವರಿಸಿದವನು ಫ್ರಾನ್ಸಿನ ಗಣಿತಜ್ಞ ಕೊಂದೋರ್ಸೆ, 1785ರಲ್ಲಿ. ಅವನ ಸಮಕಾಲೀನ ಬೋರ್ದಾ ಬೇರೊಂದು ದಾರಿ ಸೂಚಿಸಿದ್ದ. (ದ್ರವಗತಿ ವಿಜ್ಞಾನದಲ್ಲಿ ಬರುವ ಬೋರ್ದಾ ಮೌತ್‌ಪೀಸ್ ಇದೇ ಬೋರ್ದಾನದು.) ಕೊನೆಯ ಸ್ಥಾನಕ್ಕೆ 0, ಅದರ ಮೇಲಿನದಕ್ಕೆ 1, ಮೊದಲನೆಯದಕ್ಕೆ 2 ಎಂದು ಅಂಕ ಕೊಟ್ಟು ಕೂಡಿಸುವುದು. ಅದರಂತೆ ನಮ್ಮ ಘಟಕಕ್ಕೆ 11, ಪತ್ರಿಕೆಗೆ 8, ಕಾರ್ಯಾಗಾರಕ್ಕೆ 8. ಸುತ್ತು ಮಾಯವಾಯಿತು, ಘಟಕ ಗೆದ್ದಿತು. ಇಂದು ಅನೇಕ ಸಮಿತಿಗಳು ಬಳಸುವ ಅಂಕಪಟ್ಟಿ ಇದೇ ಜಾತಿಯದು.

ಆದರೆ ಇದರಲ್ಲಿಯೂ ಒಂದು ಬಿರುಕಿದೆ. ಯಾರೋ ನಾಲ್ಕನೆಯ ಬೇಡಿಕೆಯಾಗಿ ಸಭಾಂಗಣಕ್ಕೆ ಎ.ಸಿ. ಸೇರಿಸಿದರು ಎಂದುಕೊಳ್ಳಿ. ಈಗ ಅಂಕಗಳು 3, 2, 1, 0. ಮೊದಲ ನಾಲ್ವರು ಎ.ಸಿ.ಯನ್ನು ಕೊನೆಗೆ ಇಡುತ್ತಾರೆ. ಸೈದ್ಧಾಂತಿಕದ ಮೂವರು ಅದನ್ನು ಪತ್ರಿಕೆಯ ನಂತರ, ಘಟಕಕ್ಕಿಂತ ಮೇಲೆ ಇಡುತ್ತಾರೆ. ಉಳಿದ ಇಬ್ಬರು ಪತ್ರಿಕೆ ಮತ್ತು ಘಟಕದ ನಡುವೆ ಇಡುತ್ತಾರೆ. ಕೂಡಿಸಿದರೆ ಪತ್ರಿಕೆ 17, ಘಟಕ 15, ಕಾರ್ಯಾಗಾರ 14, ಎ.ಸಿ. 8. ಎ.ಸಿ. ಎಲ್ಲಕ್ಕಿಂತ ಕೆಳಗೆ ಬಂತು, ಯಾರೂ ಅದನ್ನು ಮೊದಲ ಸ್ಥಾನದಲ್ಲಿಡಲಿಲ್ಲ, ಹಳೆಯ ಮೂರು ಬೇಡಿಕೆಗಳ ಬಗ್ಗೆ ಯಾರ ಅಭಿಪ್ರಾಯವೂ ಬದಲಾಗಲಿಲ್ಲ. ಆದರೂ ಗೆದ್ದದ್ದು ಘಟಕವಲ್ಲ, ಪತ್ರಿಕೆ! ಸೋಲಲೆಂದೇ ಒಂದು ಬೇಡಿಕೆಯನ್ನು ಪಟ್ಟಿಗೆ ಸೇರಿಸುವ ಚಾಣಾಕ್ಷರು ಇರಬಹುದೇ ಎಂದು ಕೇಳಬೇಡಿ. ಸಮಿತಿಗಳಲ್ಲಿ ಕುಳಿತವರಿಗೆ ಉತ್ತರ ಗೊತ್ತು.

ಹಾಗಾದರೆ ಕೊರತೆಯಿಲ್ಲದ ವಿಧಾನ ಯಾವುದು? ಅಮೆರಿಕದ ಕೆನೆತ್ ಆರೋ 1951ರಲ್ಲಿ ಪ್ರಕಟಿಸಿದ ಪ್ರಮೇಯದ ಪ್ರಕಾರ ಅಂಥದ್ದು ಇಲ್ಲ. ಮೂರು ಅಥವಾ ಹೆಚ್ಚು ಆಯ್ಕೆಗಳಿದ್ದಾಗ, ಸದಸ್ಯರ ಒಲವುಗಳು ಹೇಗೇ ಇದ್ದರೂ ಸುತ್ತಿಲ್ಲದ ಪಟ್ಟಿಯನ್ನೇ ಕೊಡಬೇಕು. ಎಲ್ಲರೂ ಒಪ್ಪಿದ ಕ್ರಮವನ್ನು ಪಾಲಿಸಬೇಕು. ಎರಡು ಆಯ್ಕೆಗಳ ತೀರ್ಮಾನ ಮೂರನೆಯದರ ಮೇಲೆ ಅವಲಂಬಿಸಬಾರದು. ಒಬ್ಬನೇ ಎಲ್ಲವನ್ನೂ ನಿರ್ಧರಿಸುವಂತಿರಬಾರದು. ಇವೆಲ್ಲವನ್ನೂ ಒಟ್ಟಿಗೆ ಪೂರೈಸುವ ನಿಯಮ ಸಾಧ್ಯವಿಲ್ಲ. ಆರೋ 1972ರಲ್ಲಿ ನೊಬೆಲ್ ಪಡೆದರು. ಆ ಪುಸ್ತಕ ಹೊರಬಂದ ಹೊಸತರಲ್ಲಿ ಕಲ್ಕತ್ತದ ವಿದ್ಯಾರ್ಥಿ ಸುಖಮಯ್ ಚಕ್ರವರ್ತಿ ಅದನ್ನು ಪುಸ್ತಕದಂಗಡಿಯಿಂದ ಎರವಲು ತಂದು ಸಹಪಾಠಿ ಅಮರ್ತ್ಯ ಸೇನರ ಗಮನಕ್ಕೆ ತಂದರಂತೆ. ಮುಂದೆ ಇದೇ ಕ್ಷೇತ್ರದಲ್ಲಿ ದುಡಿದ ಸೇನರಿಗೆ 1998ರಲ್ಲಿ ನೊಬೆಲ್ ಬಂತು. ಎರವಲು ಕೊಟ್ಟ ಆ ಅಂಗಡಿಯವರನ್ನೂ ನೆನೆಯಬೇಕು.

ಯಾವುದು? ಎಷ್ಟು?

ಆರೋ ಅವರ ಪ್ರಮೇಯ ಕೈಚೆಲ್ಲಿ ಕೂರಲು ನೆಪವಲ್ಲ. ಸ್ಕಾಟ್ಲೆಂಡಿನ ಡಂಕನ್ ಬ್ಲ್ಯಾಕ್ 1948ರಲ್ಲಿಯೇ ಒಂದು ಬಾಗಿಲು ತೋರಿಸಿದ್ದರು. ಆಯ್ಕೆಗಳನ್ನು ಒಂದೇ ಅಳತೆಗೋಲಿನ ಮೇಲೆ ಸಾಲಾಗಿ ಇಡಬಹುದಾದರೆ, ಪ್ರತಿ ಸದಸ್ಯನಿಗೂ ತನ್ನದೇ ಒಂದು ಇಷ್ಟದ ಬಿಂದುವಿದ್ದು ಅದರಿಂದ ಎರಡೂ ಕಡೆ ದೂರ ಹೋದಂತೆ ಒಲವು ಇಳಿಯುವುದಾದರೆ, ಸುತ್ತು ಬರುವುದಿಲ್ಲ. ಸದಸ್ಯರ ಸಂಖ್ಯೆ ಬೆಸವಾಗಿದ್ದರೆ ನಟ್ಟನಡುವಿನ ಸದಸ್ಯನ ಬಿಂದು, ಅಂದರೆ ಮಧ್ಯಾಂಕ, ಬೇರೆ ಎಲ್ಲದರ ವಿರುದ್ಧವೂ ಗೆಲ್ಲುತ್ತದೆ. 9 ಮಂದಿ ಒಂದು ಬಾಬಿಗೆ 0, 2, 3, 4, 5, 5, 6, 8, 10 ಸಾವಿರ ಕೊಡಬೇಕೆಂದರೆ ಮಧ್ಯಾಂಕ 5. ಹತ್ತು ಎಂದವರು ಹಟದಿಂದ ಐವತ್ತು ಎಂದರೆ ಸರಾಸರಿ 4.8ರಿಂದ 9.2ಕ್ಕೆ ಜಿಗಿಯುತ್ತದೆ, ಮಧ್ಯಾಂಕ ಅಲುಗುವುದಿಲ್ಲ.

ಪ್ರಶ್ನೆ ಹೀಗೆ ‘ಯಾವುದು’ ಎಂಬುದರಿಂದ ‘ಎಷ್ಟು’ ಎಂಬುದಕ್ಕೆ ಹೊರಳಿದ ಒಂದು ದೊಡ್ಡ ಉದಾಹರಣೆ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ್ದು. 2009ರಲ್ಲಿ ಅದು ರಾಜ್ಯದ ಅನುದಾನದಲ್ಲಿ ಸುಮಾರು 81 ಕೋಟಿ ಡಾಲರ್ ಕೊರತೆ ಎದುರಿಸಿತು. ಅಧ್ಯಕ್ಷ ಮಾರ್ಕ್ ಯೂಡಾಫ್ ಸಿಬ್ಬಂದಿಯ ಮುಂದೆ ಮೂರು ದಾರಿಗಳನ್ನಿಟ್ಟು ಅಭಿಪ್ರಾಯ ಕೇಳಿದರು: ಸಂಬಳ ಕಡಿತ, ಸಂಬಳವಿಲ್ಲದ ರಜೆ, ಎರಡರ ಮಿಶ್ರಣ. ಅಲ್ಲಿ ಎಲ್ಲ ಕ್ಯಾಂಪಸ್‌ಗಳ ಸಿಬ್ಬಂದಿಗೂ ಒಂದು ಪ್ರಾತಿನಿಧಿಕ ಮಂಡಳಿಯಿದೆ. ಅದು ಸಲಹೆ ಕೊಡಬಹುದು, ತೀರ್ಮಾನ ರೀಜೆಂಟರದು. ಜುಲೈನಲ್ಲಿ ಒಪ್ಪಿಗೆಯಾದದ್ದು ಎರಡನೆಯ ದಾರಿಯ ತಿದ್ದಿದ ರೂಪ. 40,000 ಡಾಲರಿಗಿಂತ ಕಡಿಮೆ ಸಂಬಳದವರಿಗೆ ಶೇಕಡಾ 4, ಅಂದರೆ 11 ದಿನ. ಏರುತ್ತಾ ಹೋಗಿ 2,40,000 ಡಾಲರ್ ಮೀರಿದವರಿಗೆ ಶೇಕಡಾ 10, ಅಂದರೆ 26 ದಿನ. ಎಲ್ಲರೂ ತೃಪ್ತರಾದರೆಂದಲ್ಲ. ಆ ರಜೆಯನ್ನು ಪಾಠದ ದಿನಗಳಲ್ಲಿ ತೆಗೆದುಕೊಳ್ಳುವಂತಿಲ್ಲ ಎಂದಾಗ ಪ್ರಾಧ್ಯಾಪಕರು ಸಿಟ್ಟಾದರು. ನವೆಂಬರಿನಲ್ಲಿ ವಿದ್ಯಾರ್ಥಿ ಶುಲ್ಕವನ್ನು ಶೇಕಡಾ 32ರಷ್ಟು ಏರಿಸಲು ಒಪ್ಪಿಗೆಯಾದಾಗ ಕ್ಯಾಂಪಸ್‌ಗಳಲ್ಲಿ ಪ್ರತಿಭಟನೆ ನಡೆಯಿತು. ಅಳತೆಗೋಲು ಸುತ್ತನ್ನು ತಪ್ಪಿಸುತ್ತದೆ, ನೋವನ್ನಲ್ಲ.

ಎಲ್ಲವನ್ನೂ ‘ಎಷ್ಟು’ ಎಂದು ಕೇಳಲು ಬರುವುದಿಲ್ಲ, ನಿಜ. ದ್ರವ ನೈಟ್ರೋಜನ್ ಘಟಕದ ಕಂಪ್ರೆಸರನ್ನು ಶೇಕಡಾ 60ರಷ್ಟು ದುರಸ್ತಿ ಮಾಡಿದರೆ ಒಂದು ಹನಿಯೂ ಇಳಿಯದು. ಎಲ್ಲರಿಗೂ ಸಮಾನ ಶೇಕಡಾವಾರು ಕಡಿತ ಎಂಬ ಜನಪ್ರಿಯ ಸೂತ್ರ ಎಡವುವುದು ಇಲ್ಲಿಯೇ. ಪತ್ರಿಕೆಗಳನ್ನು ಹಾಗೆ ಕಡಿಮೆ ಮಾಡಬಹುದಿತ್ತು. ಈಗ ಆ ಪ್ರಶ್ನೆಯ ರೂಪವೇ ಬದಲಾಗಿದೆ: 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗಾಗಿ ಸೇರಿವೆ.

ಗ್ಲಾಸ್ ಬ್ಲೋಯರ್ ವಿಷಯದಲ್ಲಿ ಮಾತ್ರ ‘ಎಷ್ಟು’ ಎಂದು ಕೇಳಬಹುದಿತ್ತು. ಪಕ್ಕದ ರಸಾಯನಶಾಸ್ತ್ರ ವಿಭಾಗದವರಿಗೂ ಅವರ ಕೆಲಸ ಬೇಕಿತ್ತು. ವಾರಕ್ಕೆ ಎಷ್ಟು ದಿನ, ಯಾರ ಪಾಲು ಎಷ್ಟು ಎಂದು ಕೇಳಿದ್ದರೆ ಎರಡು ದಿನವೋ ಮೂರು ದಿನವೋ ಸಿಗುತ್ತಿತ್ತು. ಟಿಪ್ಪಣಿಯಲ್ಲಿ ನಾನು ‘ಹೌದು’ ಮತ್ತು ‘ಇಲ್ಲ’ ಎಂಬ ಎರಡೇ ಕಾಲಂ ಹಾಕಿಸಿದ್ದೆ. ಮರುವರ್ಷ ನಮ್ಮ ಮ್ಯಾಕ್ಲಿಯಾಡ್ ಗೇಜಿನ ಕ್ಯಾಪಿಲರಿ ಬಿರಿಯಿತು. ಅದನ್ನು ಬೆಸೆಯಬಲ್ಲವರು ವಿಭಾಗದಲ್ಲಿ ಯಾರೂ ಇರಲಿಲ್ಲ. ಪಾದರಸ ತೆಗೆದಿಟ್ಟು ಗೇಜನ್ನು ಹತ್ತಿಯಲ್ಲಿ ಸುತ್ತಿ ಬೀರುವಿನಲ್ಲಿಟ್ಟೆವು. ಈಗಲೂ ಅದು ಅಲ್ಲಿಯೇ ಇದೆ.